ಎರಡು ವರ್ಷದ ಹಸಿರು ಗೋಡೆ

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆ ಸೇರಿತ್ತು. ಕಸದ ಗಾಡಿ ಬರುವ ಹೊತ್ತು, ಬೀದಿನಾಯಿಗಳ ಕಾಟ, ಗಣಪತಿ ಹಬ್ಬದ ಚಂದಾ ಮುಂತಾದ ಎಂದಿನ ವಿಷಯಗಳು ಮುಗಿದ ಮೇಲೆ ನಿವೃತ್ತ ಇಂಜಿನಿಯರರೊಬ್ಬರು ಎದ್ದು ನಿಂತರು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿ ಐದು ತಿಂಗಳು ಇದ್ದು ಬಂದವರು. ಅಲ್ಲಿ ಮನೆಗಳ ಸುತ್ತ ಲಾರೆಲ್ ಎಂಬ ಗಿಡದ ಬೇಲಿ ಇರುತ್ತದಂತೆ. ಚಳಿಗಾಲದಲ್ಲಿಯೂ ಅದರ ಎಲೆ ಉದುರುವುದಿಲ್ಲವಂತೆ. ವರ್ಷಕ್ಕೆ ಎರಡಡಿ ಬೆಳೆಯುತ್ತದಂತೆ. ಒಳಗೆ ಕುಳಿತವರು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲವಂತೆ. “ನಮಗೆ ಮಾತ್ರ ಪ್ರೈವೆಸಿ ಬೇಡವೆ, ಸ್ವಾಮಿ?” ಎಂದು ಅವರು ಕೇಳಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಮ್ಮ ಎರಡು ರಸ್ತೆಗಳ ಎಲ್ಲ ಮನೆಗಳಿಗೂ ಈ ಮಳೆಗಾಲದಲ್ಲಿ ಬೇಗ ಬೆಳೆಯುವ, ಸದಾ ಹಸಿರಾಗಿರುವ ಬೇಲಿಗಿಡಗಳನ್ನು ಸಂಘವೇ ಒಟ್ಟಾಗಿ ತರಿಸತಕ್ಕದ್ದೆಂದು ನಿರ್ಣಯವಾಯಿತು. ಎರಡು ವರ್ಷದಲ್ಲಿ ಆಳೆತ್ತರದ ಹಸಿರು ಗೋಡೆ ಸಿದ್ಧ. ನಲವತ್ತಡಿ ಮುಂಭಾಗದ ನಿವೇಶನಕ್ಕೆ, ಒಂದೂವರೆ ಅಡಿಗೆ ಒಂದರಂತೆ, 26 ಗಿಡ.

ಕೈ ಎತ್ತದವನು ನಾನೊಬ್ಬನೆ. “ಮೇಷ್ಟ್ರಿಗೆ ಹಳಗನ್ನಡವೇ ಸಾಕು, ಹೊಸ ಗಿಡ ಬೇಡ” ಎಂದು ಹಿಂದಿನಿಂದ ಯಾರೋ ನಗೆಯಾಡಿದರು. ನನಗೆ ಸಭೆಯಲ್ಲಿ ಥಟ್ಟನೆ ಉತ್ತರ ಹೊಳೆಯುವುದಿಲ್ಲ. ಮನೆಗೆ ಬಂದ ಮೇಲೆ ಹೊಳೆಯುತ್ತದೆ. ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ನಮ್ಮ ಎರಡು ರಸ್ತೆಗಳ ಜಗಳ ಮಾತ್ರವಾಗಿದ್ದರೆ ಪತ್ರಿಕೆಯ ಜಾಗವನ್ನು ಕೇಳುತ್ತಿರಲಿಲ್ಲ. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಯಾವ ಹೊಸ ಬಡಾವಣೆಗೆ ಹೋದರೂ ಈ ಗೋಡೆ ಏಳುತ್ತಿರುವುದನ್ನು ಓದುಗರೂ ಕಂಡಿರಬೇಕು.

ಮೊದಲು ಗಿಡದ ಹೆಸರನ್ನು ನೋಡೋಣ. ಹೆಸರುಗಳನ್ನು ಕೆದಕುವುದು ನನ್ನ ಕಸುಬು. ಗ್ರೀಕರ ಕಥೆಯಲ್ಲಿ ಅಪೋಲೋ ಬೆನ್ನಟ್ಟಿದಾಗ ಡ್ಯಾಫ್ನಿ ಎಂಬ ಕನ್ಯೆ ಅವನಿಂದ ತಪ್ಪಿಸಿಕೊಳ್ಳಲು ಮರವಾದಳಲ್ಲ, ಆ ಮರ ಲಾರೆಲ್. ಪ್ರೈವೆಸಿಗಾಗಿ ಲಾರೆಲನ್ನು ಮೊದಲು ಆಶ್ರಯಿಸಿದವಳು ಅವಳೇ ಎನ್ನಬಹುದು. ಅದರ ಎಲೆಗಳ ಕಿರೀಟ ಕವಿಗಳ ತಲೆಗೇರಿತು. ಇಂಗ್ಲೆಂಡಿನ ಆಸ್ಥಾನಕವಿಯನ್ನು ಇಂದಿಗೂ ‘ಲಾರಿಯೆಟ್’ ಎನ್ನುತ್ತಾರೆ. ಆದರೆ ಇಂಜಿನಿಯರರು ಕಂಡ ಬೇಲಿ ಆ ಲಾರೆಲ್ ಅಲ್ಲ. ಅದು ಚೆರಿ ಲಾರೆಲ್; ಚೆರಿ ಹಣ್ಣಿನ ಕುಲದ್ದು, ಗುಲಾಬಿಯ ವಂಶದ್ದು. ಕಪ್ಪು ಸಮುದ್ರದ ಸುತ್ತಣ ನಾಡುಗಳಿಂದ 16ನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ ಮಾರ್ಗವಾಗಿ ಪಶ್ಚಿಮ ಯೂರೋಪಿಗೆ ಬಂದದ್ದು. ಎಲೆಯ ಹೋಲಿಕೆಯಿಂದ ಎರವಲು ಹೆಸರು ಬಂತು, ಅಷ್ಟೆ. ಆ ಎಲೆಯನ್ನು ಜಜ್ಜಿದರೆ ಕಹಿ ಬಾದಾಮಿಯ ವಾಸನೆ ಹೊರಡುತ್ತದೆ. ಜೊತೆಯಲ್ಲಿಯೇ ಸಯನೈಡ್ ವಿಷವೂ ಹೊರಡುತ್ತದೆ. ಹಿಂದಿನ ಕಾಲದ ಕೀಟಸಂಗ್ರಾಹಕರು ಜಜ್ಜಿದ ಲಾರೆಲ್ ಎಲೆಗಳನ್ನು ಸೀಸೆಯಲ್ಲಿ ತುಂಬಿಟ್ಟು ಚಿಟ್ಟೆಗಳನ್ನು ಕೊಲ್ಲುತ್ತಿದ್ದರು. ಬ್ರಿಟನ್ನಿನ ಕಾಡುಗಳಲ್ಲಿ ತೋಟದಿಂದ ತಪ್ಪಿಸಿಕೊಂಡು ಹೋದ ಈ ಗಿಡ ದಟ್ಟ ನೆರಳು ಹಾಸಿ, ನೆಲಮಟ್ಟದ ಗಿಡಗಳಿಗೆ ಬೆಳಕಿಲ್ಲದಂತೆ ಮಾಡಿ, ಅರಣ್ಯದವರಿಗೆ ತಲೆನೋವಾಗಿದೆ.

ಪರದೇಶದವರನ್ನು ನಗಬೇಕಾಗಿಲ್ಲ; ನಾವೂ ಇದನ್ನೇ ಮಾಡಿದ್ದೇವೆ. ಕಾಂಪೌಂಡಿನ ಉದ್ದಕ್ಕೂ ಪೊಲೀಸರ ಹಾಗೆ ನೆಟ್ಟಗೆ ನಿಲ್ಲುವ ಮರವನ್ನು ಎಲ್ಲರೂ ‘ಅಶೋಕ’ ಎನ್ನುತ್ತಾರೆ. ಅದು ಕಂಬದ ಮರ. ಸುಂದರಿಯ ಪಾದ ತಾಕಿದರೆ ಹೂಬಿಡುತ್ತದೆಂದು ನಮ್ಮ ಕವಿಗಳು ವರ್ಣಿಸಿದ ಅಶೋಕ ಬೇರೆ. ಅದರ ಕೆಂಗಿತ್ತಲೆ ಬಣ್ಣದ ಹೂಗೊಂಚಲನ್ನು ಕಣ್ಣಾರೆ ಕಂಡಿರದ ವಿದ್ಯಾರ್ಥಿಗಳಿಗೆ ನಾನು ವರ್ಷ ವರ್ಷವೂ ಕವಿಸಮಯವನ್ನು ಪಾಠ ಮಾಡುತ್ತೇನೆ. ಬೇಗ ಬೆಳೆದು ಮರೆಮಾಡುವ ಗಿಡಕ್ಕೆ ಗೌರವದ ಹೆಸರೊಂದು ಎಲ್ಲಿಂದಲೋ ಅಂಟಿಕೊಳ್ಳುತ್ತದೆ. ಇಲ್ಲಿಯೂ ಹಾಗೆ, ಅಲ್ಲಿಯೂ ಹಾಗೆ.

ಇನ್ನು, ಚೆರಿ ಲಾರೆಲ್ ಚಳಿದೇಶದ ಗಿಡ. ನಮ್ಮ ನರ್ಸರಿಗಳಲ್ಲಿ ಸಿಗುವಂಥದ್ದಲ್ಲ. ಸಂಘದವರು ವಿಚಾರಿಸಿದಾಗ ನರ್ಸರಿಯವನು ಹೇಳಿದ್ದು, “ಅದರ ಅಪ್ಪನಂಥದು ನಮ್ಮಲ್ಲಿದೆ ಸಾರ್” ಎಂದು. ಅವನು ತೋರಿಸಿದ್ದು ಕೊನೋಕಾರ್ಪಸ್. ಕೆಂಪು ಸಮುದ್ರದ ಆಚೀಚಿನ ಮರಳುಗಾಡಿನ ಗಿಡ. ನೀರು ಹಾಕದಿದ್ದರೂ ಬದುಕುತ್ತದೆ, ದನ ಮೇಯುವುದಿಲ್ಲ, ಕತ್ತರಿಸಿದಷ್ಟೂ ದಟ್ಟವಾಗುತ್ತದೆ. ಗುಜರಾತಿನಲ್ಲಿ ಇದನ್ನು ಇದೇ ಉತ್ಸಾಹದಿಂದ ನೆಟ್ಟರು. 2023ರಲ್ಲಿ ಅಲ್ಲಿನ ಸರ್ಕಾರವೇ, ಅರಣ್ಯದಲ್ಲಾಗಲಿ ಹೊರಗಾಗಲಿ ಇದನ್ನು ಇನ್ನು ನೆಡಕೂಡದೆಂದು ಆಜ್ಞೆ ಹೊರಡಿಸಿತು. ಕೊಟ್ಟ ಕಾರಣಗಳು: ಪರಾಗದಿಂದ ನೆಗಡಿ, ಕೆಮ್ಮು, ಉಬ್ಬಸ, ಆಳಕ್ಕಿಳಿಯುವ ಬೇರಿನಿಂದ ದೂರವಾಣಿಯ ತಂತಿಗೂ ಚರಂಡಿಗೂ ಹಾನಿ. ಒಂದು ರಾಜ್ಯ ಕಿತ್ತೊಗೆಯಲು ಹೊರಟದ್ದನ್ನು ನಾವು ಸಗಟು ದರದಲ್ಲಿ ತರಿಸುತ್ತಿದ್ದೇವೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂಬ ಸ್ವದೇಶಿ ಹಟ ನನ್ನದಲ್ಲ. ರೈತರು ಬದುವಿನ ಮೇಲೆ ನೆಟ್ಟು ಸೊಪ್ಪನ್ನು ಹೊಲಕ್ಕೆ ಹಾಕುವ ಗೊಬ್ಬರದ ಗಿಡ ಅಮೆರಿಕದ ಕಡೆಯದು. ಹಳ್ಳಿಯ ಬೇಲಿಯ ಕತ್ತಾಳೆಯೂ ಅಲ್ಲಿಯದೇ. ನನ್ನ ಜಗಳ ಊರಿನ ಮೇಲಲ್ಲ, ವೇಗದ ಮೇಲೆ. ಬೇಗ ಬೆಳೆಯುತ್ತದೆ ಎಂಬುದನ್ನು ನಾವು ಗಿಡದ ಗುಣವೆಂದು ತಿಳಿದಿದ್ದೇವೆ. ಎರಡು ವರ್ಷದಲ್ಲಿ ಆರಡಿ ಏರುವ ಗಿಡಕ್ಕೆ, ಆರನೆಯ ಅಡಿಯಲ್ಲಿ ನಿಲ್ಲು ಎಂದು ಹೇಳಿದವರಾರು? ಅದು ಮೂರನೆಯ ವರ್ಷ ಒಂಬತ್ತಡಿಯಾಗುತ್ತದೆ. ನಾಲ್ಕನೆಯ ವರ್ಷಕ್ಕೆ ಏಣಿ ಬೇಕು, ಏಣಿ ಹಿಡಿಯಲು ಆಳು ಬೇಕು; ಸವರಿದ ರೆಂಬೆಗಳನ್ನು ಕಸದ ಗಾಡಿಯವನು ಮುಟ್ಟುವುದಿಲ್ಲ. ನಿಧಾನವಾಗಿ ಬೆಳೆಯುವ ಬೇಲಿಗೆ ನಾವು ಮೂರು ವರ್ಷ ಕಾಯಬೇಕು, ನಿಜ. ಬೇಗ ಬೆಳೆಯುವ ಬೇಲಿಗೆ ಜೀವಮಾನವೆಲ್ಲ ಕತ್ತರಿ ಹಿಡಿದಿರಬೇಕು.

ಇದನ್ನು ಇಂಗ್ಲೆಂಡಿನವರು ನಮಗಿಂತ ಮೊದಲು ಕಲಿತರು. ನೆರೆಹೊರೆಯವರ ಬೇಲಿಜಗಳ ಅಲ್ಲಿ ಎಷ್ಟಕ್ಕೆ ಮುಟ್ಟಿತೆಂದರೆ 2003ರಲ್ಲಿ ಪಾರ್ಲಿಮೆಂಟು ಸಮಾಜವಿರೋಧಿ ನಡವಳಿಕೆಯ ಕಾಯಿದೆಯೊಂದನ್ನು ಮಾಡಿದಾಗ ಅದರಲ್ಲಿ ಎತ್ತರದ ಬೇಲಿಗೆಂದೇ ಒಂದು ಭಾಗವನ್ನಿಟ್ಟಿತು. ಎರಡು ಮೀಟರು ಮೀರಿದ ನಿತ್ಯಹಸಿರಿನ ಬೇಲಿ ತನ್ನ ಬೆಳಕನ್ನು ತಡೆಯುತ್ತಿದೆಯೆಂದು ನೆರೆಯವನು ಸ್ಥಳೀಯ ಕೌನ್ಸಿಲಿಗೆ ದೂರು ಕೊಡಬಹುದು. ಕೌನ್ಸಿಲು ತಗ್ಗಿಸಲು ಆಜ್ಞೆ ಮಾಡಬಹುದು. 2005ರಿಂದ ಇದು ಇಂಗ್ಲೆಂಡಿನಲ್ಲಿ ಜಾರಿಯಲ್ಲಿದೆ. ಬೇಲಿಯನ್ನು ನೋಡಿ ಬಂದ ನಮ್ಮ ಇಂಜಿನಿಯರರು ಕಾಯಿದೆಯನ್ನು ನೋಡಿ ಬರಲಿಲ್ಲ. ಅಷ್ಟು ದೂರವೇಕೆ, ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಎರಡು ಬದಿಗೂ ಕಣ್ಣು ಹಾಯಿಸಲಿ. ಪೊದೆಪೊದೆಯಾಗಿ ಹಬ್ಬಿ ಕಾಡಿನ ಹುಲ್ಲನ್ನು ನುಂಗಿರುವ ಲಂಟಾನ, 19ನೆಯ ಶತಮಾನದ ಮೊದಲಲ್ಲಿ ತೋಟದ ಚೆಲುವಿಗೂ ಬೇಲಿಗೂ ಆದೀತೆಂದು ತಂದ ಗಿಡವೇ. ಬೇಲಿ ಎದ್ದು ಹೊಲ ಮೇಯ್ದರೆ ಎಂದು ನಮ್ಮವರು ಗಾದೆ ಮಾಡಿದ್ದಾರೆ; ಈ ಬೇಲಿ ಎದ್ದು ಕಾಡನ್ನೇ ಮೇಯಿತು.

ಈಗ ಪ್ರೈವೆಸಿಯ ಮಾತು. ಸಭೆಯಲ್ಲಿ ವಕೀಲರೊಬ್ಬರು, ಇದು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟೇ ಹೇಳಿದೆ ಎಂದರು. ಹೇಳಿದ್ದು ನಿಜ. 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಾಧೀಶರ ಪೀಠ ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆಯ ವಿಷಯ. ಆದರೆ ಆಧಾರ್ ವಿಷಯದಲ್ಲಿ ಸರ್ಕಾರದ ಎದುರು ನಿಂತು ಆ ಹಿರಿಯರು ಕೇಳಿದ ಪ್ರಶ್ನೆಯನ್ನು, ಎದುರುಮನೆಯವರು ನಮ್ಮ ಒಣಹಾಕಿದ ಬಟ್ಟೆಯನ್ನು ನೋಡುತ್ತಾರೆಂಬ ದೂರಿಗೆ ಎಳೆದು ತರುವುದು ಯಾವ ನ್ಯಾಯ?

ಹಾಗೆಂದು ಈ ಬಯಕೆಯನ್ನೇ ನಾನು ಹಗುರ ಮಾಡುವುದಿಲ್ಲ. ತಲೆಗೂದಲು ಒಣಗಿಸುವ ಹೆಂಗಸಿಗೆ, ಕಾಯಿಲೆಯಿಂದ ಎದ್ದು ಬಿಸಿಲು ಕಾಯಿಸಲು ಕೂತವರಿಗೆ, ಸುಮ್ಮನೆ ಒಬ್ಬರೇ ಇರಬೇಕೆನ್ನುವವರಿಗೆ ಒಂದು ಮರೆ ಬೇಕು. ನಮ್ಮ ಹಳೆಯ ಮನೆಗಳ ಹಿತ್ತಲಲ್ಲಿ ಅದು ಇತ್ತು. ಆದರೆ ಈಗ ನಮ್ಮನ್ನು ನೋಡುತ್ತಿರುವವರು ಯಾರು? ಪಕ್ಕದ ನಿವೇಶನದಲ್ಲಿ ಮೂರು ಅಂತಸ್ತು ಎದ್ದಿದೆ; ಅದರ ಬಾಲ್ಕನಿಯಿಂದ ನಮ್ಮ ಅಂಗಳದ ತುಳಸಿಕಟ್ಟೆಯವರೆಗೂ ಕಾಣುತ್ತದೆ. ಅದಕ್ಕೆ ಯಾವ ಲಾರೆಲ್ ಮರೆಯಾದೀತು? ಪ್ರೈವೆಸಿಯ ಭಾಷಣ ಮಾಡಿದ ಇಂಜಿನಿಯರರ ಗೇಟಿನ ಮೇಲೆ ಎರಡು ಕ್ಯಾಮೆರಾಗಳಿವೆ. ಒಂದು ರಸ್ತೆಯನ್ನು ನೋಡುತ್ತದೆ, ಇನ್ನೊಂದು ಎದುರುಮನೆಯ ಬಾಗಿಲನ್ನು. ತಾನು ಎಲ್ಲರನ್ನೂ ನೋಡಬೇಕು, ತನ್ನನ್ನು ಯಾರೂ ನೋಡಬಾರದು ಎಂಬುದಕ್ಕೆ ಪ್ರೈವೆಸಿ ಎನ್ನುವುದಾದರೆ, ಆ ಸುಖ ಹಿಂದೆ ಅರಮನೆಯವರಿಗೆ ಮಾತ್ರ ಇತ್ತು.

ಮರೆ ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಕಾಣದಂತೆ ಅಡ್ಡವಾಗಿರುವುದು ಒಂದು; ನೆನಪಿನಿಂದ ಬಿಡುವುದು ಇನ್ನೊಂದು. ತರಗತಿಯಲ್ಲಿ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ನನಗೆ ತಿಳಿದದ್ದು ತಡವಾಗಿ.

ನಾನೂ ಈ ಗೋಡೆಯನ್ನು ನೆಟ್ಟವನೇ. ಆರು ವರ್ಷದ ಹಿಂದೆ, ಪಕ್ಕದ ಮನೆಯ ಕಡೆಗೆ, ಇದೇ ಕೊನೋಕಾರ್ಪಸ್. ಪಕ್ಕದ ಮನೆಯ ಅಮ್ಮ ಒಬ್ಬರೇ ಇರುವವರು, ಮಗ ಪುಣೆಯಲ್ಲಿದ್ದಾನೆ. ಎಪ್ಪತ್ತು ದಾಟಿದೆ. ನಾನು ಬೆಳಿಗ್ಗೆ ಜಗಲಿಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತ ಕೂತರೆ ಅವರು ಹೂ ಬಿಡಿಸುತ್ತ, ನಾಲ್ಕಡಿಯ ಗೋಡೆಯ ಮೇಲಿಂದ, “ಎಷ್ಟು ಕಟ್ಟು ಮುಗೀತು ಮೇಷ್ಟ್ರೆ?” ಎಂದು ಕೇಳುವರು. ನಿನ್ನೆ ಯಾರೋ ಬಂದಿದ್ದರಲ್ಲ, ನೆಂಟರೇ? ಮಗಳಿಗೆ ಜ್ವರ ಬಿಟ್ಟಿತೆ? ಸಾರಿಗೆ ಇಂಗು ಜಾಸ್ತಿ ಬಿತ್ತೇನೋ, ವಾಸನೆ ಇಲ್ಲಿಗೂ ಬಂತು. ದಿನಾ ಇದೇ. ನನಗೆ ಬೇಸರ ಬಂದಿತ್ತು. ಬೇಸರವನ್ನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದವರು ಗಿಡ ನೆಡುತ್ತಾರೆ. ಮೊದಲ ವರ್ಷ ಗಿಡ ಸೊಂಟಕ್ಕೆ ಬಂತು, ಎರಡನೆಯ ವರ್ಷ ನನ್ನ ತಲೆಯನ್ನು ಮೀರಿತು. ಪ್ರಶ್ನೆಗಳು ನಿಂತವು. “ನಿಮ್ಮ ಗಿಡ ಚೆನ್ನಾಗಿ ಬಂದಿದೆ” ಎಂದು ಅವರು ಗೇಟಿನ ಹತ್ತಿರ ಸಿಕ್ಕಾಗ ಒಮ್ಮೆ ಹೇಳಿದರು. ಅದರಲ್ಲಿ ಕೊಂಕೇನೂ ಇರಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಆರೂವರೆಗೆ ಆ ಅಮ್ಮ ಹಿಂದಿನ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದರು. ಎಂಟು ಗಂಟೆಗೆ ಹೂವಿನವಳು ಬಂದು, ಬಾಗಿಲು ತೆರೆದಿದ್ದರೂ ಓಗೊಡುವವರಿಲ್ಲವಲ್ಲ ಎಂದು ಹಿಂದಕ್ಕೆ ಹೋಗಿ ನೋಡುವವರೆಗೆ ಅವರು ಅಲ್ಲಿಯೇ ಇದ್ದರು. ಸೊಂಟದ ಮೂಳೆ ಮುರಿದಿತ್ತು. ಆ ಒಂದೂವರೆ ಗಂಟೆಯ ಹೊತ್ತೂ ನಾನು ಜಗಲಿಯಲ್ಲಿದ್ದೆ, ಹದಿನೈದು ಅಡಿ ದೂರದಲ್ಲಿ. ಏನೋ ಸದ್ದು ಕೇಳಿಸಿತ್ತು, ಬೆಕ್ಕಿರಬೇಕೆಂದುಕೊಂಡೆ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರೇ ನನ್ನನ್ನು ಸಮಾಧಾನ ಮಾಡಿದರು: “ಕೂಗಿದೆ ಮೇಷ್ಟ್ರೆ. ನೀವು ಓದಿಕೋತಿದ್ದಿರೇನೋ.”

ಗೋಡೆ ಎತ್ತರಿಸಿದ್ದರೂ ಹೀಗೇ ಆಗುತ್ತಿತ್ತಲ್ಲ, ಇದರಲ್ಲಿ ಗಿಡದ ತಪ್ಪೇನು ಎಂದು ಕೇಳುವವರಿದ್ದಾರೆ. ಗೋಡೆ ಎತ್ತರಿಸಬೇಕಾದರೆ ಗಾರೆಯವನನ್ನು ಕರೆಸಬೇಕು, ಪಕ್ಕದವರಿಗೆ ಒಂದು ಮಾತು ಹೇಳಬೇಕು, ಅವರು ಯಾಕೆಂದು ಕೇಳಿದರೆ ಮುಖ ನೋಡಿ ಉತ್ತರಿಸಬೇಕು. ಗಿಡಕ್ಕೆ ಇದಾವುದೂ ಬೇಡ. ಅದು ನಮ್ಮ ಪರವಾಗಿ ಸದ್ದಿಲ್ಲದೆ ಬೆಳೆಯುತ್ತದೆ. ಕೇಳಿದವರಿಗೆ, ಹಸಿರು ತಾನೆ, ಪರಿಸರಕ್ಕೆ ಒಳ್ಳೆಯದು ಎನ್ನಬಹುದು.

ಹಸಿರಾದ ಮಾತ್ರಕ್ಕೆ ಬೇಲಿ ಸಾಧುವಾಗುವುದಿಲ್ಲ. ಈ ದೇಶದಲ್ಲಿ ಬೆಳೆದ ಅತಿ ದೊಡ್ಡ ಹಸಿರು ಬೇಲಿ ಯಾವುದೆಂದು ಸಂಘದ ಸದಸ್ಯರಿಗೆ ತಿಳಿದಿರಲಾರದು. ತೆರಿಗೆ ಕಟ್ಟದ ಉಪ್ಪು ತಮ್ಮ ಸೀಮೆಗೆ ನುಸುಳದಿರಲೆಂದು ಬ್ರಿಟಿಷರು ಸಿಂಧೂನದಿಯಿಂದ ಮಹಾನದಿಯ ಕಡೆಗೆ ಒಂದು ಸುಂಕದ ಗಡಿ ಹಾಕಿದ್ದರು. 1869ರಲ್ಲಿ ಅದರ ಉದ್ದ 2,300 ಮೈಲಿ, ಕಾವಲಿಗೆ ಸುಮಾರು 12,000 ಜನ. ಕೆಲವು ಕಡೆ ಒಣಮುಳ್ಳು, ಕೆಲವು ಕಡೆ ಕಲ್ಲುಗೋಡೆ, ಆದ ಕಡೆಯೆಲ್ಲ ಜೀವಂತ ಬೇಲಿ: ಜಾಲಿ, ಬೋರೆ, ಕವಳೆ, ಪಾಪಾಸುಕಳ್ಳಿ. ಚೆನ್ನಾಗಿ ಬಂದ ಕಡೆ ಹತ್ತರಿಂದ ಹದಿನಾಲ್ಕು ಅಡಿ ಎತ್ತರ, ಆರರಿಂದ ಹನ್ನೆರಡು ಅಡಿ ದಪ್ಪ. ಅದನ್ನು ಮುತುವರ್ಜಿಯಿಂದ ಬೆಳೆಸಿದ ಸುಂಕದ ಕಮೀಷನರು, ಮುಂದೆ 1885ರಲ್ಲಿ ಕಾಂಗ್ರೆಸ್ಸನ್ನು ಹುಟ್ಟುಹಾಕಿದವರಲ್ಲೊಬ್ಬನಾದ ಎ. ಓ. ಹ್ಯೂಮ್. ಬಡವನ ಗಂಜಿಗೂ ಉಪ್ಪಿಗೂ ನಡುವೆ ನಿಂತ ಆ ಬೇಲಿಯೂ ಕಣ್ಣಿಗೆ ಹಸಿರೇ. ಅದನ್ನು 1879ರಲ್ಲಿ ಕೈಬಿಟ್ಟರು. ನಮ್ಮ ರಸ್ತೆಯ ಬೇಲಿಯನ್ನು ಅದಕ್ಕೆ ಹೋಲಿಸುವುದು ಅತಿಯಾಯಿತೆಂದು ಇಂಜಿನಿಯರರು ಹೇಳಬಹುದು. ಅತಿಯೇ ಸರಿ. ಆದರೆ ಬೇಲಿ ಯಾವುದೇ ಇರಲಿ, ಅದರಾಚೆಗೆ ಯಾರನ್ನು ನಿಲ್ಲಿಸುತ್ತಿದ್ದೇವೆ ಎಂದು ಒಮ್ಮೆ ಕೇಳಿಕೊಂಡು ನೆಡಬೇಕು. ನಾನು ಕೇಳಿಕೊಳ್ಳಲಿಲ್ಲ.

ಹಾಗಾದರೆ ಬೇಲಿಯೇ ಬೇಡವೆ? ಬೇಕು. ಎದೆಯೆತ್ತರದ ಬೇಲಿ ಬೇಕು. ಕೂತವನನ್ನು ಮರೆಮಾಡಿ, ನಿಂತವನನ್ನು ತೋರಿಸುವಂಥದು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮ ನರ್ಸರಿಗಳಿಗೆ ಚೆನ್ನಾಗಿ ಒಪ್ಪುತ್ತದೆ. ಆಡುಸೋಗೆಗಿಂತ ಸುಲಭದ ಬೇಲಿ ಯಾವುದು? ರೆಂಬೆ ನೆಟ್ಟರೆ ಹತ್ತುತ್ತದೆ, ವರ್ಷವಿಡೀ ಹಸಿರು, ದನ ಬಾಯಿ ಹಾಕುವುದಿಲ್ಲ, ಕೆಮ್ಮಿಗೆ ಕಷಾಯವೂ ಆಯಿತು. ಲಕ್ಕಿ ಗಿಡವಿದೆ, ದಾಸವಾಳವಿದೆ, ಅದರಲ್ಲಿ ದೇವರ ಪಾಲೂ ಸೇರಿದೆ, ಮದರಂಗಿ ಇದೆ, ಸವರಿದಷ್ಟೂ ಚೊಕ್ಕವಾಗುತ್ತದೆ, ಸವರಿದ ಎಲೆಯನ್ನು ಬೀದಿಯ ಹೆಣ್ಣುಮಕ್ಕಳು ಕೇಳಿ ಪಡೆಯುತ್ತಾರೆ. ಸ್ವಲ್ಪ ತಾಳ್ಮೆಯಿದ್ದರೆ ಕಾಮಿನಿ. ಸಣ್ಣ ಎಲೆ, ಮಳೆ ಬಿದ್ದ ಮೇಲೆ ರಾತ್ರಿಯೆಲ್ಲ ಘಮಘಮಿಸುವ ಬಿಳಿಯ ಹೂ. ಕಳ್ಳರ ಭಯವಿದ್ದವರಿಗೆ ಕವಳೆ. ಅದರ ಮುಳ್ಳನ್ನು ದಾಟಿ ಬಂದ ಕಳ್ಳನಿಗೆ ಕಾಫಿ ಕೊಟ್ಟು ಕಳಿಸಬಹುದು, ಜೊತೆಗೆ ಉಪ್ಪಿನಕಾಯಿಗೆ ಕಾಯಿಯೂ ಸಿಗುತ್ತದೆ. (ಆಳೆತ್ತರದ ದಟ್ಟ ಬೇಲಿಯನ್ನು ಕಳ್ಳ ಇಷ್ಟಪಡುತ್ತಾನೆ, ಒಳಗೆ ಸೇರಿದ ಮೇಲೆ ಅವನಿಗೂ ಪ್ರೈವೆಸಿ ಬೇಕು.) ಒಂದೇ ಜಾತಿಯ 26 ಗಿಡ ಬೇಡ, ನಾಲ್ಕಾರು ಬೆರೆಸಿ ನೆಟ್ಟರೆ ಒಂದಕ್ಕೆ ರೋಗ ಬಂದರೂ ಬೇಲಿ ಉಳಿಯುತ್ತದೆ. ಬಚ್ಚಲ ಹತ್ತಿರ, ಬಟ್ಟೆ ಒಗೆಯುವಲ್ಲಿ, ನಿಜವಾಗಿ ಮರೆ ಬೇಕಾದ ಹತ್ತಡಿ ಜಾಗಕ್ಕೆ ಒಂದು ಬಿದಿರ ತಡಿಕೆ ಕಟ್ಟಿ ಮಲ್ಲಿಗೆಯನ್ನೋ ಚಪ್ಪರದವರೆಯನ್ನೋ ಹಬ್ಬಿಸಿದರೆ ಆಯಿತು. ಹತ್ತಡಿಯ ಅಗತ್ಯಕ್ಕಾಗಿ ನಲವತ್ತಡಿಯ ರಸ್ತೆಯನ್ನೇಕೆ ಕುರುಡು ಮಾಡಬೇಕು?

ಆಸ್ಪತ್ರೆಯಿಂದ ಬಂದ ಮರುದಿನವೇ ನಾನು ನನ್ನ ಬೇಲಿಯನ್ನು ಕಡಿಸಿದೆ. ಅರ್ಧ ದಿನದ ಕೆಲಸವೆಂದುಕೊಂಡಿದ್ದೆ, ಮೂರು ದಿನ ಹಿಡಿಯಿತು. ಬುಡಗಳು ಇನ್ನೂ ಚಿಗುರುತ್ತಿವೆ. ವಾರಕ್ಕೊಮ್ಮೆ ಕೂತು ಚಿವುಟುತ್ತೇನೆ. ನಡುವೆ ನಟ್ಟ ಆಡುಸೋಗೆ ಮೊಣಕಾಲಿಗೆ ಬಂದಿದೆ. ಪಕ್ಕದ ಮನೆಯ ಅಮ್ಮ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾರೆ. ಈಚೆಗೆ ಬಂದ ಸೆಮಿಸ್ಟರಿನ ಉತ್ತರಪತ್ರಿಕೆಗಳು ಎಷ್ಟು ಕಟ್ಟು ಉಳಿದಿವೆ ಎಂಬ ಲೆಕ್ಕ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನನಗೆ ಇಂದಿಗೂ ಕೆಲವು ದಿನ ಬೇಸರ ಬರುತ್ತದೆ. ಬಂದಾಗ ಎದ್ದು ಒಳಗೆ ಹೋಗಿ ಕೂರುತ್ತೇನೆ. ಮನೆಗೆ ಬಾಗಿಲಿದೆಯಲ್ಲ.

ಸಂಘದ ಗಿಡಗಳು ಬರುವ ಹದಿನೈದಕ್ಕೆ ಲಾರಿಯಲ್ಲಿ ಬರುತ್ತವೆಯೆಂದು ಸುತ್ತೋಲೆ ಬಂದಿದೆ. ನನ್ನ ಮನೆಯ ಮುಂದೆ ಇಳಿಸಬೇಕಾದ 26ನ್ನು ಇಳಿಸಬೇಡಿರೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇನೆ. ಪಕ್ಕದ ಮನೆಯವರಿಗೂ ಬೇಡವಂತೆ. ಅವರ ಪತ್ರವನ್ನೂ ನಾನೇ ಬರೆದು ಸಹಿ ಹಾಕಿಸಿ ತಲುಪಿಸಿದೆ.